ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸದ ವೇಳೆ ಪೆಟ್ಟಾದರೆ: ಯಾವ ಡಾಕ್ಟ್ರು ಏನು ಬರೀತಾರೆ, ಏನು ಬರೆಯಲ್ಲ?

ದುಬೈ, ದೋಹಾ, ಮಸ್ಕತ್, ಕುವೈತ್‌ನಲ್ಲಿ ವರ್ಷಗಟ್ಟಲೆ ದುಡಿದ ನಮ್ಮವರಲ್ಲಿ ಈಗ ಯುರೋಪಿನ ಕಡೆ ಮುಖ ಮಾಡುವವರೂ ಇದ್ದಾರೆ. ನೆದರ್‌ಲ್ಯಾಂಡ್ಸ್‌ನ ಐಂದ್‌ಹೋವನ್, ಆಮ್‌ಸ್ಟರ್‌ಡ್ಯಾಮ್ ಕಡೆ ಬೆಂಗಳೂರಿನಿಂದ ಹೋದ ಐಟಿ ಕುಟುಂಬಗಳಿವೆ. ಇಂಡಿಯನ್ ರೆಸ್ಟೋರೆಂಟ್‌ಗಳ ಅಡುಗೆಮನೆಯಲ್ಲಿ, ಏಜೆನ್ಸಿ ಮೂಲಕ ಗೋದಾಮುಗಳಲ್ಲಿ ದುಡಿಯುವ ಭಾರತೀಯರಿದ್ದಾರೆ. ರೋಟರ್‌ಡ್ಯಾಮ್ ಬಂದರಿಗೆ ಬರುವ ಹಡಗುಗಳಲ್ಲಿ ನಮ್ಮ ಕರಾವಳಿಯ ಹುಡುಗರೂ ಇರುತ್ತಾರೆ. ಸಂಬಳ, ವೀಸಾ, ಬಾಡಿಗೆ ಬಗ್ಗೆ ಎಲ್ಲರೂ ವಿಚಾರಿಸಿಕೊಂಡು ಹೋಗುತ್ತಾರೆ. ಕೈ ಮಷಿನ್‌ಗೆ ಸಿಕ್ಕಿದರೆ, ಏಣಿಯಿಂದ ಬಿದ್ದರೆ, ಕುದಿಯುವ ಎಣ್ಣೆ ಮೈಮೇಲೆ ಚೆಲ್ಲಿದರೆ ಏನು ಗತಿ ಅಂತ ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ.

ಇಲ್ಲೇ ನಮ್ಮವರು ಎಡವುವುದು. ಗಲ್ಫ್‌ನಲ್ಲೂ ಊರಿನಲ್ಲೂ ನಮಗೆ ಗೊತ್ತಿರುವ ದಾರಿ ಒಂದೇ: ಡಾಕ್ಟ್ರ ಸರ್ಟಿಫಿಕೇಟ್. ಯುಎಇಯ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನಿನ ಪ್ರಕಾರ ಚಿಕಿತ್ಸೆಯ ಖರ್ಚು ಮಾಲೀಕರದ್ದು. ಆರು ತಿಂಗಳವರೆಗೆ ಪೂರ್ತಿ ಸಂಬಳ, ಮತ್ತೆ ಆರು ತಿಂಗಳು ಅರ್ಧ ಸಂಬಳ. ಶಾಶ್ವತ ಊನ ಉಳಿದರೆ ಅದರ ಪ್ರಮಾಣದ ಮೇಲೆ ಪರಿಹಾರ. ನಮ್ಮ ದೇಶದ 1923ರ ಪರಿಹಾರ ಕಾಯ್ದೆಯಲ್ಲಂತೂ ಪಟ್ಟಿಯೇ ಇತ್ತು. ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ ಎಂದು ಲೆಕ್ಕ. ಡಾಕ್ಟ್ರು ಪರ್ಸೆಂಟ್ ಬರೆದರೆ ಅದರ ಮೇಲೆ ದುಡ್ಡು.

ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ ಪಟ್ಟಿಯೂ ಇಲ್ಲ, ಅಂಥ ಸರ್ಟಿಫಿಕೇಟೂ ಇಲ್ಲ. ಗಾಯಕ್ಕೆ ಮದ್ದು ಕೊಡುವ ಡಾಕ್ಟ್ರು ಬೇರೆ, ಕೆಲಸಕ್ಕೆ ಹೋಗಬಹುದೋ ಇಲ್ಲವೋ ಹೇಳುವ ಡಾಕ್ಟ್ರು ಬೇರೆ, ಸರ್ಕಾರಿ ಭತ್ಯೆಗೆ ಪರೀಕ್ಷೆ ಮಾಡುವ ಡಾಕ್ಟ್ರು ಬೇರೆ, ಪರಿಹಾರದ ಕ್ಲೇಮ್‌ನಲ್ಲಿ ಅಭಿಪ್ರಾಯ ಕೊಡುವ ಡಾಕ್ಟ್ರು ಇನ್ನೂ ಬೇರೆ. ಯಾರ ಹತ್ತಿರ ಏನು ಕೇಳಬೇಕು ಅಂತ ಗೊತ್ತಿಲ್ಲದೆ ನ್ಯಾಯವಾಗಿ ಸಿಗಬೇಕಾದ್ದನ್ನು ಕಳೆದುಕೊಳ್ಳಬಾರದು ಎಂದು ಈ ಮಾಹಿತಿ.

ಮೊದಲು ತಿಳಿಯಬೇಕಾದ್ದು: ಎರಡು ದಾರಿ, ಎರಡು ಲೆಕ್ಕ

ಡಚ್ಚರಿಗೂ ಒಂದು ಕಾಲದಲ್ಲಿ ಕೆಲಸದ ಅಪಘಾತಕ್ಕೇ ಪ್ರತ್ಯೇಕ ಕಾಯ್ದೆ ಇತ್ತು. ಅದು ಬಂದದ್ದು 1901ರಲ್ಲಿ. 1967ರ ಜುಲೈ 1ರಂದು ವಾವೊ ಎಂಬ ಹೊಸ ಕಾನೂನು ಜಾರಿಗೆ ಬಂದಾಗ ಆ ವಿಭಜನೆಯನ್ನೇ ತೆಗೆದುಹಾಕಿದರು. ಕಾರ್ಖಾನೆಯಲ್ಲಿ ಕಾಲು ಮುರಿದರೂ ಒಂದೇ, ಭಾನುವಾರ ಫುಟ್‌ಬಾಲ್ ಆಡುವಾಗ ಮುರಿದರೂ ಒಂದೇ; ದುಡಿಯಲು ಆಗದಿದ್ದರೆ ಸಂಬಳ ಅಥವಾ ಭತ್ಯೆ ಸಿಗಬೇಕು ಎಂಬುದು ಅದರ ತತ್ವ. 2005ರ ಕೊನೆಯಲ್ಲಿ ವಾವೊ ಬದಲಿಗೆ ವಿಯಾ ಎಂಬ ಕಾನೂನು ಬಂತು. ತತ್ವ ಬದಲಾಗಲಿಲ್ಲ.

ಹಾಗಾಗಿ ಈಗ ದಾರಿ ಎರಡು.

ಮೊದಲನೆಯದು ಸಂಬಳ ಮತ್ತು ಭತ್ಯೆಯ ದಾರಿ. ಇಲ್ಲಿ ತಪ್ಪು ಯಾರದ್ದು ಅಂತ ಯಾರೂ ಕೇಳಲ್ಲ. ಕೆಲಸ ಮಾಡಲು ಆಗುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ. ಕಾಯಂ ಅಥವಾ ಅವಧಿ ಒಪ್ಪಂದ ಇದ್ದವರಿಗೆ ಒಪ್ಪಂದ ಇರುವಷ್ಟು ಕಾಲ, ಗರಿಷ್ಠ 104 ವಾರ, ಮಾಲೀಕರು ಕನಿಷ್ಠ ಶೇ. 70 ಸಂಬಳ ಕೊಡಬೇಕು. ಮೊದಲ ವರ್ಷ ಅದು ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಆಮೇಲೂ ಗುಣವಾಗದಿದ್ದರೆ ವಿಯಾ ಭತ್ಯೆ. ಇದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಯುಡಬ್ಲ್ಯುವಿ.

ಎರಡನೆಯದು ಮಾಲೀಕರ ಹೊಣೆಗಾರಿಕೆಯ ದಾರಿ. ಕಡಿತವಾದ ಸಂಬಳ, ಚಿಕಿತ್ಸೆಯಲ್ಲಿ ಕೈಯಿಂದ ಹೋದ ಖರ್ಚು, ಮುಂದಿನ ದುಡಿಮೆಯ ನಷ್ಟ, ಅನುಭವಿಸಿದ ನೋವು ಇವುಗಳಿಗೆ ಪರಿಹಾರ ಬೇಕಾದರೆ ಡಚ್ ಸಿವಿಲ್ ಸಂಹಿತೆಯ 7ನೇ ಪುಸ್ತಕದ 658ನೇ ಕಲಮಿನಡಿ ಮಾಲೀಕರ ಮೇಲೆ ಕ್ಲೇಮ್ ಹಾಕಬೇಕು. ತಾನಾಗಿ ಬರುವುದಿಲ್ಲ. ಕೇಳಿದವರಿಗೆ ಮಾತ್ರ.

ಈ ಎರಡೂ ದಾರಿಯಲ್ಲಿ ಬರುವ ಡಾಕ್ಟ್ರು ಯಾರು ಯಾರು ಅಂತ ಒಬ್ಬೊಬ್ಬರನ್ನೇ ನೋಡೋಣ.

1. ಮದ್ದು ಕೊಡುವ ಡಾಕ್ಟ್ರು: ಹೌಸ್‌ಆರ್ಟ್ಸ್ ಮತ್ತು ಆಸ್ಪತ್ರೆ

ನಿಮ್ಮ ಬಡಾವಣೆಯ ಕುಟುಂಬ ವೈದ್ಯರನ್ನು ಅಲ್ಲಿ ಹೌಸ್‌ಆರ್ಟ್ಸ್ ಎನ್ನುತ್ತಾರೆ. ಜೀವಕ್ಕೆ ಅಪಾಯ ಇದ್ದರೆ 112ಕ್ಕೆ ಫೋನ್. ಉಳಿದದ್ದಕ್ಕೆಲ್ಲ ಮೊದಲು ಇವರೇ. ರಾತ್ರಿ ಮತ್ತು ವಾರಾಂತ್ಯಕ್ಕೆ ಹೌಸ್‌ಆರ್ಟ್ಸನ್‌ಪೋಸ್ಟ್ ಇದೆ, ಫೋನ್ ಮಾಡಿಯೇ ಹೋಗಬೇಕು.

"ಸಾರ್, ಇದು ಕೆಲಸದಲ್ಲಿ ಆದ ಗಾಯ, ಮೂರು ತಿಂಗಳು ರೆಸ್ಟ್ ಬೇಕು ಅಂತ ಬರೆದುಕೊಡಿ" ಎಂದರೆ ಇವರು ಒಪ್ಪುವುದಿಲ್ಲ. ಅದು ಸೊಕ್ಕು ಅಲ್ಲ. ಚಿಕಿತ್ಸೆ ಕೊಡುವವರು ತಮ್ಮದೇ ರೋಗಿಯ ಬಗ್ಗೆ ತೀರ್ಪಿನಂಥ ಸರ್ಟಿಫಿಕೇಟ್ ಕೊಡಬಾರದು ಎಂಬುದು ಡಚ್ ವೈದ್ಯರ ಸಂಘ ಕೆಎನ್‌ಎಂಜಿಯ ನಿಯಮ. ಅದನ್ನು ಸ್ವತಂತ್ರ ಡಾಕ್ಟ್ರು ಮಾಡಬೇಕು. ನಿಮ್ಮ ಲಿಖಿತ ಒಪ್ಪಿಗೆ ಇದ್ದರೆ ನಡೆದ ಸಂಗತಿಯನ್ನು ಮಾತ್ರ ತಿಳಿಸುತ್ತಾರೆ: ಯಾವ ದಿನ ಬಂದರು, ಏನು ಹೇಳಿದರು, ಪರೀಕ್ಷೆಯಲ್ಲಿ ಏನು ಕಂಡಿತು, ಏನು ಚಿಕಿತ್ಸೆ ಆಯಿತು.

ಹಾಗಂತ ಇವರು ಕ್ಲೇಮ್‌ಗೆ ಉಪಯೋಗವಿಲ್ಲ ಅಂತ ತಿಳಿಯಬೇಡಿ. ಮುಂದೆ ಬರುವ ಮೂವರು ಡಾಕ್ಟ್ರೂ ಮೊದಲು ತೆರೆದು ನೋಡುವುದು ಇವರ ಫೈಲನ್ನೇ. ಮೊದಲ ದಿನ ನೀವು ಹೇಳಿದ್ದು, ಅವರು ಕಂಪ್ಯೂಟರ್‌ನಲ್ಲಿ ಬರೆದದ್ದು, ಅದೇ ನಿಮ್ಮ ಸಾಕ್ಷಿ.

ಆದ್ದರಿಂದ ಮೊದಲ ಭೇಟಿಯಲ್ಲೇ ಇಷ್ಟನ್ನು ಬಿಡಿಸಿ ಹೇಳಿ: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಯಾವ ಮಷಿನ್ ಅಥವಾ ಯಾವ ಕೆಲಸ, ಎಲ್ಲೆಲ್ಲಿ ನೋವಿದೆ. ದೊಡ್ಡ ಗಾಯ ಕಾಲಿಗೆ ಆಗಿರುತ್ತದೆ, ಭುಜದ ಸಣ್ಣ ನೋವನ್ನು ಯಾಕೆ ಹೇಳುವುದು ಅಂತ ಬಿಡುತ್ತೇವೆ. ನಾಲ್ಕು ತಿಂಗಳ ನಂತರ ಭುಜ ಎತ್ತಲು ಆಗದೆ ಹೋದಾಗ "ಇದು ಆ ದಿನದ್ದೇ ಅಂತ ಏನು ಗ್ಯಾರಂಟಿ?" ಎಂಬ ಪ್ರಶ್ನೆ ಬರುತ್ತದೆ. ಡಚ್ ಬಾರದಿದ್ದರೆ ಈ ಒಂದು ವಾಕ್ಯ ಕಲಿತುಕೊಳ್ಳಿ: "ಹೆಟ್ ಖೆಬ್ಯೂರ್ದೆ ಒಪ್ ಮೈನ್ ವೆರ್ಕ್", ಅಂದರೆ ಇದು ನನ್ನ ಕೆಲಸದಲ್ಲಿ ಆದದ್ದು. ಇಂಗ್ಲಿಷ್ ಬಲ್ಲ ಡಾಕ್ಟ್ರು ಅಲ್ಲಿ ಬಹಳ. ಅದೂ ಕಷ್ಟವಾದರೆ ಮೊದಲೇ ಫೋನ್ ಮಾಡಿ ದುಭಾಷಿ ವ್ಯವಸ್ಥೆ ಇದೆಯೇ ಕೇಳಿ, ಇಲ್ಲವೇ ನಂಬಿಕಸ್ಥರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಜೊತೆಗಾರ ನಿಮ್ಮ ಸೂಪರ್‌ವೈಸರ್ ಆಗಿರದಿದ್ದರೆ ಒಳ್ಳೆಯದು.

ಇನ್ನೊಂದು ಮುಖ್ಯ ಮಾತು. "ಆಸ್ಪತ್ರೆಯಲ್ಲಿ ಕೇಳಿದರೆ ರೂಮಿನಲ್ಲಿ ಜಾರಿ ಬಿದ್ದೆ ಅಂತ ಹೇಳು, ಖರ್ಚು ನಾನು ನೋಡ್ಕೊಳ್ತೀನಿ" ಎನ್ನುವ ಮಾಲೀಕರು ಎಲ್ಲ ದೇಶದಲ್ಲೂ ಇದ್ದಾರೆ. ಉಪಕಾರ ಅಂತ ಒಪ್ಪಿಕೊಂಡು ಹಾಗೆ ಹೇಳಿದರೆ ಅದೇ ಫೈಲಿಗೆ ಹೋಗುತ್ತದೆ. ಆಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ಡಾಕ್ಟ್ರಿಗೆ ನಿಜವನ್ನೇ ಹೇಳಿ. ನೀವು ಹೇಳಿದ್ದನ್ನು ಅವರು ಮಾಲೀಕರಿಗೆ ತಿಳಿಸುವಂತಿಲ್ಲ.

ಖರ್ಚಿನ ಬಗ್ಗೆ: ಚಿಕಿತ್ಸೆಗೆ ದುಡ್ಡು ಬರುವುದು ನಿಮ್ಮದೇ ಕಡ್ಡಾಯ ಆರೋಗ್ಯ ವಿಮೆಯಿಂದ. ಹೌಸ್‌ಆರ್ಟ್ಸ್ ಭೇಟಿಗೆ ಕೈಯಿಂದ ಹೋಗುವುದಿಲ್ಲ. ಆಸ್ಪತ್ರೆ ಚಿಕಿತ್ಸೆಗೆ ವರ್ಷಕ್ಕೆ ಮೊದಲ 385 ಯೂರೊ ನಿಮ್ಮದು; ಇದು 2025ರ ದರ. ಮಾಲೀಕರ ಹೊಣೆ ಸಾಬೀತಾದರೆ ಅದನ್ನೂ ಕ್ಲೇಮ್‌ನಲ್ಲಿ ಸೇರಿಸಬಹುದು, ರಸೀದಿ ಇಟ್ಟುಕೊಳ್ಳಿ.

2. ಕಂಪನಿ ಡಾಕ್ಟ್ರು: ಬೆದ್ರೈಫ್ಸ್‌ಆರ್ಟ್ಸ್

ಸಂಬಳದ ಮಟ್ಟಿಗೆ ಇವರೇ ಮುಖ್ಯ. ನೀವು ಹುಷಾರಿಲ್ಲ ಅಂತ ಮಾಲೀಕರಿಗೆ ತಿಳಿಸಿದ ಮೇಲೆ ಕೆಲಸಕ್ಕೆ ಬರಬಹುದೋ, ಎಷ್ಟು ಗಂಟೆ, ಎಂಥ ಕೆಲಸ ಅಂತ ಹೇಳುವವರು ಇವರು. ಇವರ ಫೀಸು ಕೊಡುವುದು ಮಾಲೀಕರು. ಅದಕ್ಕೇ ನಮ್ಮವರು "ಅವನು ಕಂಪನಿ ಕಡೆಯವನು" ಅಂತ ಬಾಯಿ ಬಿಡುವುದಿಲ್ಲ. ಇಲ್ಲವೇ ಮಾಲೀಕರ ಎದುರಿಗೆ ನಿಂತ ಹಾಗೆ "ಪರವಾಗಿಲ್ಲ ಸಾರ್, ಮಾಡ್ತೀನಿ" ಎನ್ನುತ್ತಾರೆ. ಎರಡೂ ನಷ್ಟಕ್ಕೇ ದಾರಿ.

ಕಾನೂನಿನ ಪ್ರಕಾರ ಇವರು ಸ್ವತಂತ್ರ, ಗುಟ್ಟು ಕಾಪಾಡಲು ಬದ್ಧರು. ಕಾಯಿಲೆಯ ಹೆಸರು, ಔಷಧಿ, ಚಿಕಿತ್ಸೆಯ ವಿವರ ಯಾವುದನ್ನೂ ಮಾಲೀಕರಿಗೆ ಹೇಳುವಂತಿಲ್ಲ. ಹೇಳಬಹುದಾದ್ದು ಏನು ಮಾಡಲು ಆಗುತ್ತದೆ, ಏನು ಆಗಲ್ಲ, ಎಷ್ಟು ದಿನ ಬೇಕಾಗಬಹುದು, ಕೆಲಸದಲ್ಲಿ ಏನು ಬದಲಾವಣೆ ಬೇಕು, ಇಷ್ಟೇ. "10 ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ" ಅಂತ ಬರೆಯಬಹುದು. ಬೆನ್ನಿನ ಡಿಸ್ಕ್ ಜಾರಿದೆ ಅಂತ ಬರೆಯುವಂತಿಲ್ಲ.

ಮಾಲೀಕರೂ ನಿಮಗೆ ಏನಾಗಿದೆ ಅಂತ ಕೇಳುವಂತಿಲ್ಲ. ಆದರೆ "ಇದು ಕೆಲಸದ ಅಪಘಾತದಿಂದ ಆದದ್ದೇ?" ಎಂದು ಕೇಳಲು ಅವಕಾಶ ಇದೆ. ಆ ಪ್ರಶ್ನೆಗೆ ಹೌದು ಎನ್ನಿ. ಬಾಯಿಮಾತಲ್ಲಿ ಮುಗಿಸದೆ ವಾಟ್ಸಾಪ್ ಅಥವಾ ಇಮೇಲ್ ಮಾಡಿ, ದಿನಾಂಕ ಉಳಿಯುತ್ತದೆ.

ಕಂಪನಿ ಡಾಕ್ಟ್ರ ವಿಷಯದಲ್ಲಿ ನಿಮಗಿರುವ ಹಕ್ಕುಗಳು:

- ಫೋನ್ ಮಾಡಿದವರೆಲ್ಲ ಡಾಕ್ಟ್ರಲ್ಲ. ಕೇಸ್ ಮ್ಯಾನೇಜರ್ ಇರಬಹುದು. "ನೀವು ಡಾಕ್ಟರೇ?" ಅಂತ ಕೇಳಿ. ಡಚ್ ವೈದ್ಯರ ಹೆಸರೆಲ್ಲ ಬಿಗ್ ಎಂಬ ಸಾರ್ವಜನಿಕ ರಿಜಿಸ್ಟರ್‌ನಲ್ಲಿ ಇರುತ್ತದೆ.
- ರಜೆ ಹಾಕದೆಯೂ, ಮಾಲೀಕರಿಗೆ ಹೇಳದೆಯೂ ಕಂಪನಿ ಡಾಕ್ಟ್ರನ್ನು ಕಾಣಬಹುದು. ಮೊಣಕೈ ನೋವು ಶುರುವಾದಾಗಲೇ ಹೋಗುವುದು ಜಾಣತನ.
- ಅವರ ಅಭಿಪ್ರಾಯ ಸರಿ ಅನಿಸದಿದ್ದರೆ ಬೇರೊಬ್ಬ ಕಂಪನಿ ಡಾಕ್ಟ್ರ ಎರಡನೇ ಅಭಿಪ್ರಾಯ ಕೇಳಬಹುದು. 2017ರ ಜುಲೈ 1ರಿಂದ ಇದು ಕಾನೂನಿನಲ್ಲೇ ಇದೆ. ಖರ್ಚು ಮಾಲೀಕರದ್ದು.
- ಕೆಲಸಕ್ಕೆ ಹೋಗಲು ಆಗುತ್ತದೋ ಇಲ್ಲವೋ ಎಂಬ ಜಗಳ ಬಗೆಹರಿಯದಿದ್ದರೆ ಶುಲ್ಕ ಕಟ್ಟಿ ಯುಡಬ್ಲ್ಯುವಿಯಿಂದ ತಜ್ಞರ ಅಭಿಪ್ರಾಯ ಪಡೆಯಬಹುದು. ಸಂಬಳ ನಿಲ್ಲಿಸಿ ಕೋರ್ಟಿಗೆ ಹೋಗುವ ಹಂತ ಬಂದರೆ ಈ ಕಾಗದ ಬೇಕಾಗುತ್ತದೆ.

ನಿಮಗೂ ಕರ್ತವ್ಯ ಇದೆ. ಕರೆದಾಗ ಹೋಗಬೇಕು, ಫೋನ್ ಎತ್ತಬೇಕು, ಡಾಕ್ಟ್ರು ಸರಿ ಎಂದ ಹಗುರ ಕೆಲಸವನ್ನು ಕಾರಣವಿಲ್ಲದೆ ನಿರಾಕರಿಸಬಾರದು. ಇಲ್ಲವಾದರೆ ಸಂಬಳ ನಿಲ್ಲಿಸಲು ಮಾಲೀಕರಿಗೆ ಅವಕಾಶ ಸಿಗುತ್ತದೆ.

ವಾರದ ಲೆಕ್ಕ

2002ರಲ್ಲಿ ಜಾರಿಗೆ ಬಂದ ಕಾಯ್ದೆಯೊಂದು ಈ ಎರಡು ವರ್ಷಗಳ ದಾರಿಯನ್ನು ವಾರಗಳ ಲೆಕ್ಕದಲ್ಲಿ ಕಟ್ಟಿಹಾಕಿದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

- 6ನೇ ವಾರದೊಳಗೆ: ಕಂಪನಿ ಡಾಕ್ಟ್ರು ಸಮಸ್ಯೆಯ ವಿಶ್ಲೇಷಣೆ ಬರೆಯಬೇಕು.
- 8ನೇ ವಾರದೊಳಗೆ: ಮಾಲೀಕರೂ ನೀವೂ ಸೇರಿ ಕೆಲಸಕ್ಕೆ ಮರಳುವ ಯೋಜನೆ ಬರೆದು ಸಹಿ ಹಾಕಬೇಕು.
- 42ನೇ ವಾರ: ಮಾಲೀಕರು ಯುಡಬ್ಲ್ಯುವಿಗೆ ತಿಳಿಸಬೇಕು.
- 52ನೇ ವಾರದ ಆಸುಪಾಸು: ಮೊದಲ ವರ್ಷದ ಪರಾಮರ್ಶೆ.
- 88ನೇ ವಾರದ ಹೊತ್ತಿಗೆ: ವಿಯಾ ಅರ್ಜಿಯ ಬಗ್ಗೆ ಯುಡಬ್ಲ್ಯುವಿಯ ಪತ್ರ ಬರುತ್ತದೆ. ಮನೆ ಬದಲಾಯಿಸಿದ್ದರೆ ವಿಳಾಸ ತಿದ್ದಿಸಿಕೊಂಡಿರಬೇಕು.
- 93ನೇ ವಾರದೊಳಗೆ: ವಿಯಾ ಅರ್ಜಿ ಹಾಕಲೇಬೇಕು.
- 104 ವಾರ: ಸಂಬಳದ ಹೊಣೆ ಮುಗಿಯುತ್ತದೆ. ಮಾಲೀಕರು ಮಾಡಬೇಕಾದ್ದನ್ನು ಮಾಡಿಲ್ಲ ಅಂತ ಯುಡಬ್ಲ್ಯುವಿಗೆ ಕಂಡರೆ ಇನ್ನೂ ಒಂದು ವರ್ಷದವರೆಗೆ ಸಂಬಳ ಕೊಡಿಸಬಹುದು.

3. ಸರ್ಕಾರಿ ವಿಮಾ ಡಾಕ್ಟ್ರು

ವಿಯಾ ಅರ್ಜಿ ಹಾಕಿದ ಮೇಲೆ ಯುಡಬ್ಲ್ಯುವಿಯ ವಿಮಾ ಡಾಕ್ಟ್ರು ನಿಮ್ಮನ್ನು ನೋಡುತ್ತಾರೆ. ಇವರು ಮದ್ದು ಬರೆಯಲ್ಲ, "ಎಷ್ಟು ಪರ್ಸೆಂಟ್ ಅಂಗವಿಕಲ" ಅಂತಲೂ ಹೇಳಲ್ಲ. ಒಂದು ಪಟ್ಟಿ ತುಂಬುತ್ತಾರೆ: ಎಷ್ಟು ಹೊತ್ತು ನಿಲ್ಲಬಲ್ಲಿರಿ, ಎಷ್ಟು ಭಾರ ಎತ್ತಬಲ್ಲಿರಿ, ಬೆರಳು ಎಷ್ಟು ಮಡಚುತ್ತದೆ, ಗಮನ ಎಷ್ಟು ಹೊತ್ತು ನಿಲ್ಲುತ್ತದೆ, ದಿನಕ್ಕೆ ಎಷ್ಟು ಗಂಟೆ ದುಡಿಯಬಹುದು. ಆಮೇಲೆ ಉದ್ಯೋಗ ತಜ್ಞರೊಬ್ಬರು ಆ ಪಟ್ಟಿಗೆ ಹೊಂದುವ ಕೆಲಸಗಳನ್ನು ಕಂಪ್ಯೂಟರ್‌ನಲ್ಲಿ ಹುಡುಕುತ್ತಾರೆ. ಆ ಕೆಲಸಗಳಲ್ಲಿ ಎಷ್ಟು ಸಂಪಾದಿಸಬಹುದು ಎಂಬುದನ್ನು ನಿಮ್ಮ ಹಳೆಯ ಸಂಬಳದ ಜೊತೆ ಹೋಲಿಸಿದಾಗ ಬರುವುದೇ ಪರ್ಸೆಂಟ್.

ಒಂದು ಲೆಕ್ಕ ನೋಡಿ. ಅಡುಗೆ ಕೆಲಸದಲ್ಲಿ ತಿಂಗಳಿಗೆ 2,800 ಯೂರೊ ಇದ್ದವರ ಬಲಗೈ ಸುಟ್ಟು ಬಿಗಿಯಾಗಿದೆ ಅಂತ ಇಟ್ಟುಕೊಳ್ಳಿ. ಬೇರೆ ಹಗುರ ಕೆಲಸದಲ್ಲಿ 2,100 ಸಂಪಾದಿಸಬಹುದು ಎಂದು ಲೆಕ್ಕ ಬಂದರೆ ನಷ್ಟ 700, ಅಂದರೆ ಶೇ. 25. ಶೇ. 35 ಮುಟ್ಟದವರಿಗೆ ವಿಯಾ ಭತ್ಯೆ ಇಲ್ಲ. ಅದೇ ಮನುಷ್ಯ ದಿನಕ್ಕೆ ಪೂರ್ತಿ ಹೊತ್ತು ದುಡಿಯಲಾರ ಎಂದು ಡಾಕ್ಟ್ರು ಬರೆದು, ಸಂಪಾದನೆ 1,680ಕ್ಕೆ ಇಳಿದರೆ ನಷ್ಟ ಶೇ. 40. ಭತ್ಯೆ ಶುರು. ಅಂಕಿ ಉದಾಹರಣೆಗೆ ಮಾತ್ರ. ಆದರೆ ಪಟ್ಟಿಯ ಒಂದು ಸಾಲು ಎಷ್ಟು ಬೆಲೆ ಬಾಳುತ್ತದೆ ಎಂದು ತಿಳಿಯಲಿ.

ಶೇ. 35ರಿಂದ 80ರ ನಡುವೆ ಇದ್ದರೆ, ಅಥವಾ ಹೆಚ್ಚಿದ್ದರೂ ಮುಂದೆ ಸುಧಾರಿಸಬಹುದು ಎಂದಿದ್ದರೆ, ಒಂದು ಬಗೆಯ ಭತ್ಯೆ. ಉಳಿದ ಶಕ್ತಿಯಲ್ಲಿ ಎಷ್ಟು ದುಡಿಯುತ್ತೀರಿ ಎಂಬುದರ ಮೇಲೆ ಅದು ಏರಿಳಿಯುತ್ತದೆ. ಶೇ. 80 ಅಥವಾ ಹೆಚ್ಚು ನಷ್ಟ, ಸುಧಾರಿಸುವ ಲಕ್ಷಣವೂ ಇಲ್ಲ ಎಂದಾದರೆ ವಿಮಾ ಸಂಬಳದ ಶೇ. 75.

ಈ ಡಾಕ್ಟ್ರ ಮುಂದೆ ನಮ್ಮವರು ಎರಡು ತಪ್ಪು ಮಾಡುತ್ತಾರೆ. ಒಂದು, ಮರ್ಯಾದೆಗೆ ಅಂಜಿ "ಎಲ್ಲ ಮಾಡ್ತೀನಿ" ಎನ್ನುವುದು. ಇನ್ನೊಂದು, ಇರುವುದಕ್ಕಿಂತ ಹೆಚ್ಚು ನರಳಿ ತೋರಿಸುವುದು. ಫೈಲಿಗೂ ನಿಮ್ಮ ಮಾತಿಗೂ ತಾಳೆಯಾಗದಿದ್ದರೆ ನಿಜವಾದ ನೋವನ್ನೂ ನಂಬುವುದಿಲ್ಲ. ಹೋಗುವ ಮೊದಲು ಎರಡು ವಾರ ಡೈರಿ ಬರೆಯಿರಿ: ಅಂಗಿ ಗುಂಡಿ ಹಾಕಲು ಎಷ್ಟು ಹೊತ್ತು, ನೀರಿನ ಕ್ಯಾನ್ ಎತ್ತಲು ಆಗುತ್ತದೋ, ಅರ್ಧ ದಿನ ಕೆಲಸ ಮಾಡಿದರೆ ಮರುದಿನ ಹೇಗಿರುತ್ತದೆ. ಡಾಕ್ಟ್ರಿಗೆ ಬೇಕಾದ್ದು ಇಂಥ ಉತ್ತರಗಳೇ.

ವಿಯಾ ನಿರ್ಧಾರ ಒಪ್ಪಿಗೆಯಾಗದಿದ್ದರೆ ಆರು ವಾರದೊಳಗೆ ಆಕ್ಷೇಪ ಸಲ್ಲಿಸಬೇಕು. ಬೇರೆ ಕೆಲವು ನಿರ್ಧಾರಗಳಿಗೆ ಗಡುವು ಇನ್ನೂ ಕಡಿಮೆ. ಪತ್ರದ ಕೊನೆಯಲ್ಲಿ ಬರೆದಿರುತ್ತದೆ, ಬಂದ ದಿನವೇ ಓದಿಸಿಕೊಳ್ಳಿ. ಆಕ್ಷೇಪದಲ್ಲಿ ಬೇರೆಯೇ ವಿಮಾ ಡಾಕ್ಟ್ರು ನೋಡುತ್ತಾರೆ. ಇಂಥ ಡಾಕ್ಟ್ರ ಕೊರತೆ ಇರುವುದರಿಂದ ಕಾಯಬೇಕಾಗುತ್ತದೆ. ಅಷ್ಟರವರೆಗೆ ಮುಂಗಡ ಕೊಡುತ್ತಾರೆಯೇ ಅಂತ ಯುಡಬ್ಲ್ಯುವಿಗೆ ಕೇಳಿ.

4. ಕ್ಲೇಮ್‌ನ ಡಾಕ್ಟ್ರು: ವೈದ್ಯ ಸಲಹೆಗಾರ ಮತ್ತು ತಜ್ಞ

ಮಾಲೀಕರ ಮೇಲಿನ ಕ್ಲೇಮ್‌ನಲ್ಲಿ ನೀವು ತೋರಿಸಬೇಕಾದ್ದು: ಕೆಲಸ ಮಾಡುವಾಗ ಪೆಟ್ಟಾಯಿತು, ಅದರಿಂದ ನಷ್ಟವಾಯಿತು. ಅಷ್ಟಾದ ಮೇಲೆ ಸುರಕ್ಷತೆಗೆ ಮಾಡಬೇಕಾದ್ದನ್ನೆಲ್ಲ ಮಾಡಿದ್ದೆವು ಎಂದು ಸಾಬೀತು ಮಾಡುವುದು ಮಾಲೀಕರ ಕೆಲಸ. ನೀವು ಸ್ವಲ್ಪ ಅಜಾಗರೂಕರಾಗಿದ್ದಿರಿ ಎಂದ ಮಾತ್ರಕ್ಕೆ ಅವರು ತಪ್ಪಿಸಿಕೊಳ್ಳಲಾರರು. ಬೇಕಂತಲೇ ಅಥವಾ ಗೊತ್ತಿದ್ದೂ ಹುಚ್ಚುಸಾಹಸ ಮಾಡಿದಿರಿ ಅಂತ ತೋರಿಸಬೇಕು. ಏಜೆನ್ಸಿ ಕೆಲಸಗಾರರು ತಾವು ನಿಜವಾಗಿ ದುಡಿಯುತ್ತಿದ್ದ ಗೋದಾಮು ಅಥವಾ ಕಾರ್ಖಾನೆಯ ಮೇಲೂ ಕ್ಲೇಮ್ ಹಾಕಬಹುದು.

ಮಾಲೀಕರ ಪರವಾಗಿ ಮಾತಾಡುವುದು ಸಾಮಾನ್ಯವಾಗಿ ಅವರ ವಿಮಾ ಕಂಪನಿ. ಅದಕ್ಕೊಬ್ಬ ವೈದ್ಯ ಸಲಹೆಗಾರ ಇರುತ್ತಾರೆ. ಅವರು ನಿಮ್ಮನ್ನು ನೋಡದೆ ಕಾಗದ ಓದಿಯೇ ಅಭಿಪ್ರಾಯ ಕೊಡುವುದು ರೂಢಿ. ನಿಮ್ಮ ಕಡೆಗೂ ಅಂಥ ಒಬ್ಬರು ಬೇಕು. ನಿಮ್ಮ ವಕೀಲರು ಗೊತ್ತುಮಾಡುತ್ತಾರೆ. ಎರಡೂ ಕಡೆ ಒಪ್ಪದಿದ್ದರೆ ಇಬ್ಬರೂ ಸೇರಿ, ಇಲ್ಲವೇ ಕೋರ್ಟ್ ಮೂಲಕ, ಸ್ವತಂತ್ರ ತಜ್ಞರನ್ನು ನೇಮಿಸುತ್ತಾರೆ. ಈಗಿನ ನೋವು ಅಪಘಾತದ್ದೋ ಮೊದಲೇ ಇದ್ದದ್ದೋ, ಅಪಘಾತ ಆಗದಿದ್ದರೆ ಹೇಗಿರುತ್ತಿತ್ತು, ಇನ್ನು ಸುಧಾರಿಸುತ್ತದೋ ಎಂಬ ಪ್ರಶ್ನೆಗಳಿಗೆ ಉತ್ತರ ಅಲ್ಲಿ ಬರುತ್ತದೆ. ವರದಿ ಮೊದಲು ನಿಮ್ಮ ಕೈಗೇ ಬರಬೇಕು ಎಂದು ಕೇಳಿಕೊಳ್ಳಿ. ಅದನ್ನು ಮುಂದೆ ಕಳಿಸುವುದನ್ನು ತಡೆಯುವ ಹಕ್ಕೂ ಕಾನೂನಿನಲ್ಲಿದೆ. ತಡೆಯುವ ಮೊದಲು ವಕೀಲರ ಮಾತು ಕೇಳಿ.

"ಎಲ್ಲ ವೈದ್ಯಕೀಯ ದಾಖಲೆ ಕೊಡಲು ಒಪ್ಪಿದ್ದೇನೆ" ಎಂಬ ಖಾಲಿ ಚೆಕ್ಕಿನಂಥ ಕಾಗದಕ್ಕೆ ಸಹಿ ಹಾಕಬೇಡಿ. ಯಾವ ಡಾಕ್ಟ್ರಿಂದ, ಯಾವ ಗಾಯದ ಬಗ್ಗೆ, ಯಾವ ಅವಧಿಯ ದಾಖಲೆ ಅಂತ ಬರೆದಿರಬೇಕು. ಹೊಣೆ ಸಾಬೀತಾದರೆ ವಕೀಲರ ಮತ್ತು ವೈದ್ಯ ಸಲಹೆಗಾರರ ನ್ಯಾಯವಾದ ಖರ್ಚನ್ನೂ ಎದುರು ಕಡೆಯವರೇ ಕೊಡಬೇಕು. ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ನಷ್ಟವೂ ಹೊಣೆಗಾರರೂ ಯಾರೆಂದು ಗೊತ್ತಾದ ಮೇಲೆ ಐದು ವರ್ಷದೊಳಗೆ ಕ್ಲೇಮ್ ಎತ್ತಬೇಕು.

ಸಾವು, ಶಾಶ್ವತ ಗಾಯ ಅಥವಾ ಆಸ್ಪತ್ರೆ ದಾಖಲಾತಿ ಆದ ಅಪಘಾತವನ್ನು ಮಾಲೀಕರು ಡಚ್ ಕಾರ್ಮಿಕ ತಪಾಸಣಾ ಇಲಾಖೆಗೆ ತಿಳಿಸಲೇಬೇಕು. ಬೆರಳು ತುಂಡಾಗಿ ಅದೇ ದಿನ ಮನೆಗೆ ಕಳಿಸಿದರೂ ಅದು ಶಾಶ್ವತ ಗಾಯವೇ. ಮಾಲೀಕರು ತಿಳಿಸದಿದ್ದರೆ ನೀವೇ ತಿಳಿಸಬಹುದು. ಇಲಾಖೆ ಪರಿಹಾರ ಕೊಡಿಸುವುದಿಲ್ಲ, ಆದರೆ ಅದರ ತನಿಖಾ ವರದಿ ಕ್ಲೇಮ್‌ಗೆ ದೊಡ್ಡ ಬಲ.

ಪೆಟ್ಟಲ್ಲ, ನಿಧಾನವಾಗಿ ಬಂದ ಕಾಯಿಲೆ

ಹಿಟ್ಟಿನ ಧೂಳಿನಿಂದ ಬಂದ ಆಸ್ತಮಾ, ಬಣ್ಣ ಮತ್ತು ದ್ರಾವಕದ ವಾಸನೆಯಿಂದ ಬಂದ ಮಿದುಳಿನ ತೊಂದರೆ, ವರ್ಷಗಟ್ಟಲೆ ಭಾರ ಎತ್ತಿ ಹೋದ ಬೆನ್ನು. ಇಲ್ಲಿ ದಿನಾಂಕ ಇರುವುದಿಲ್ಲ, ಅದೇ ಕಷ್ಟ. ಇದು ಔದ್ಯೋಗಿಕ ಕಾಯಿಲೆ ಎಂದು ಕಂಡುಕೊಂಡ ಕಂಪನಿ ಡಾಕ್ಟ್ರು ಅದನ್ನು ಡಚ್ ಔದ್ಯೋಗಿಕ ಕಾಯಿಲೆಗಳ ಕೇಂದ್ರಕ್ಕೆ ವರದಿ ಮಾಡಬೇಕು. ಅದು ಹೆಸರಿಲ್ಲದ ವರದಿ, ಅದರಿಂದ ನೇರ ದುಡ್ಡು ಬರಲ್ಲ. ಆದರೆ ಅವರ ಅಭಿಪ್ರಾಯ ನಿಮ್ಮ ಫೈಲಿನಲ್ಲಿ ಇರುವುದು ಮುಖ್ಯ. 2023ರ ಜನವರಿ 1ರಿಂದ ರಾಸಾಯನಿಕ ವಸ್ತುಗಳಿಂದ ಬಂದ ಕೆಲವು ಗಂಭೀರ ಕಾಯಿಲೆಗಳಿಗೆ ಸರ್ಕಾರದ ಒಂದು ಬಾರಿಯ ನೆರವೂ ಇದೆ. ಕೆಲಸದಿಂದ ಬಂದ ಅಲರ್ಜಿ ಆಸ್ತಮಾ, ದ್ರಾವಕದಿಂದಾದ ಮಿದುಳಿನ ಕಾಯಿಲೆ, ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್ ಮೊದಲು ಆ ಪಟ್ಟಿಗೆ ಸೇರಿದವು.

ಗಲ್ಫ್‌ನಲ್ಲಿ ವೆಲ್ಡಿಂಗ್, ಪೇಂಟಿಂಗ್ ಮಾಡಿ ಆಮೇಲೆ ಯುರೋಪಿಗೆ ಹೋದವರು ಹಳೆಯ ಕೆಲಸದ ವಿವರವನ್ನೂ ಡಾಕ್ಟ್ರಿಗೆ ಹೇಳಬೇಕು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಇಡೀ ಕ್ಲೇಮ್ ಮೇಲೆ ಅನುಮಾನ ಬರುತ್ತದೆ.

ನೀವು ಯಾವ ದೇಶದ ವಿಮೆಯಲ್ಲಿದ್ದೀರಿ?

ಸಂಬಳ ಮತ್ತು ಭತ್ಯೆಯ ಬಗ್ಗೆ ಮೇಲೆ ಹೇಳಿದ್ದು ಡಚ್ ವಿಮೆಯಲ್ಲಿ ಇರುವವರಿಗೆ. ಹೋಗುವ ಮೊದಲೇ ಕೇಳಿಕೊಳ್ಳಿ.

- ಭಾರತದ ಕಂಪನಿಯೇ ಪ್ರಾಜೆಕ್ಟ್‌ಗೆ ಕಳಿಸಿದ್ದರೆ: ಭಾರತ ಮತ್ತು ನೆದರ್‌ಲ್ಯಾಂಡ್ಸ್ ನಡುವೆ ಸಾಮಾಜಿಕ ಭದ್ರತಾ ಒಪ್ಪಂದ 2011ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಭವಿಷ್ಯ ನಿಧಿ ಸಂಸ್ಥೆಯ ಕವರೇಜ್ ಸರ್ಟಿಫಿಕೇಟ್ ಇದ್ದವರು ಭಾರತದ ವ್ಯವಸ್ಥೆಯಲ್ಲೇ ಉಳಿಯುತ್ತಾರೆ. ಅಂಥವರು ಕಂಪನಿಯ ಅಪಘಾತ ವಿಮೆ ಏನಿದೆ ಅಂತ ಬರವಣಿಗೆಯಲ್ಲಿ ಕೇಳಿ.
- ಪೋಲೆಂಡ್ ಅಥವಾ ಬೇರೆ ಯುರೋಪ್ ದೇಶದ ಏಜೆನ್ಸಿ ಕಳಿಸಿದ್ದರೆ: ಎ1 ಎಂಬ ಕಾಗದ ಇರುತ್ತದೆ. ವಿಮೆ ಆ ದೇಶದ್ದು. ಆ ಕಾಗದದ ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇರಲಿ.
- ಡಚ್ ಏಜೆನ್ಸಿಯಲ್ಲಿದ್ದು ಅನಾರೋಗ್ಯದಲ್ಲಿ ಒಪ್ಪಂದ ಮುಗಿದರೆ: ಸಂಬಳದ ಬದಲು ಅನಾರೋಗ್ಯ ಕಾಯ್ದೆಯ ಭತ್ಯೆ, ಸಾಮಾನ್ಯವಾಗಿ ಶೇ. 70.
- ಸ್ವಂತ ಲೆಕ್ಕದಲ್ಲಿ ಡೆಲಿವರಿ, ಪೇಂಟಿಂಗ್ ಮಾಡುವವರಿಗೆ: ಸಂಬಳವೂ ವಿಯಾವೂ ಇಲ್ಲ, ಖಾಸಗಿ ವಿಮೆ ಮಾಡಿಸಿಕೊಂಡಿರಬೇಕು. ಕೆಲಸ ಕೊಟ್ಟವರ ಮೇಲೆ ಕ್ಲೇಮ್ ಕೆಲವು ಸಂದರ್ಭದಲ್ಲಿ ಸಾಧ್ಯ.
- ಹಡಗಿನವರಿಗೆ: ಹಡಗು ಯಾವ ದೇಶದ ಧ್ವಜದ್ದು, ಒಪ್ಪಂದದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ರೋಟರ್‌ಡ್ಯಾಮ್ ಆಸ್ಪತ್ರೆಯ ಕಾಗದದ ಪ್ರತಿ ಇಲ್ಲದೆ ವಿಮಾನ ಹತ್ತಬೇಡಿ.
- ಕಾಗದಪತ್ರ ಇಲ್ಲದೆ ದುಡಿಯುವವರಿಗೂ: ಅಗತ್ಯ ಚಿಕಿತ್ಸೆ ಸಿಗುತ್ತದೆ, ಮಾಲೀಕರ ಹೊಣೆಯೂ ತಪ್ಪುವುದಿಲ್ಲ.

ಊರಿಗೆ ಹೋಗುವ ಮೊದಲು, ಸಹಿ ಹಾಕುವ ಮೊದಲು

ಪೆಟ್ಟಾದ ಕೂಡಲೇ ಮನೆಯವರ ಮೊದಲ ಮಾತು "ಊರಿಗೆ ಬಾ, ಇಲ್ಲೇ ಆಸ್ಪತ್ರೆಗೆ ತೋರಿಸೋಣ" ಎಂದೇ. ಪ್ರೀತಿಯ ಮಾತು, ಆದರೆ ಹೇಳದೆ ಬಂದರೆ ಸಂಬಳ ನಿಲ್ಲಬಹುದು. ಕಂಪನಿ ಡಾಕ್ಟ್ರ ಅಭಿಪ್ರಾಯ ಪಡೆದು, ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಂಡು ಬನ್ನಿ. ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಚಿಕಿತ್ಸೆ ಪಡೆದರೆ ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್, ಬಿಲ್ ಎಲ್ಲವೂ ಇಂಗ್ಲಿಷ್‌ನಲ್ಲಿ ಇರಲಿ.

ಅನಾರೋಗ್ಯದ ಮೊದಲ ಎರಡು ವರ್ಷ ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಅದಕ್ಕೇ "ಇಬ್ಬರೂ ಒಪ್ಪಿ ಬೇರೆಯಾಗೋಣ" ಎಂಬ ಕಾಗದ ಮುಂದೆ ಇಡುವುದುಂಟು. ಕಾಯಿಲೆಯಲ್ಲಿದ್ದಾಗ ಅದಕ್ಕೆ ಸಹಿ ಹಾಕಿದರೆ ಸಂಬಳವೂ ಭತ್ಯೆಯೂ ಕೈತಪ್ಪಬಹುದು. ಹಾಕಿಬಿಟ್ಟಿದ್ದರೆ 14 ದಿನದೊಳಗೆ ಕಾರಣ ಕೊಡದೆ ಹಿಂದೆ ತೆಗೆದುಕೊಳ್ಳಬಹುದು. ಪತ್ರವನ್ನು ಇಮೇಲ್‌ನಲ್ಲೇ ಕಳಿಸಿ.

ಕೇಳುವ ಕೆಲವು ಪ್ರಶ್ನೆಗಳು

*ನನ್ನ ಫೈಲಿನ ಪ್ರತಿ ನನಗೆ ಕೊಡ್ತಾರಾ?*
ಕೊಡಲೇಬೇಕು. ಹೌಸ್‌ಆರ್ಟ್ಸ್, ಆಸ್ಪತ್ರೆ, ಕಂಪನಿ ಡಾಕ್ಟ್ರು, ಯುಡಬ್ಲ್ಯುವಿ ಎಲ್ಲರ ಹತ್ತಿರವೂ ಕೇಳಬಹುದು. ದೇಶ ಬಿಡುವ ಮೊದಲು ತೆಗೆದುಕೊಳ್ಳಿ.

*ಕ್ಲೇಮ್ ಹಾಕಿದರೆ ಚಿಕಿತ್ಸೆ ನಿಲ್ಲುತ್ತಾ?*
ಇಲ್ಲ. ಚಿಕಿತ್ಸೆ ನಿಮ್ಮ ಆರೋಗ್ಯ ವಿಮೆಯದ್ದು. ಮಾಲೀಕರಿಗೂ ಅದಕ್ಕೂ ಸಂಬಂಧ ಇಲ್ಲ.

*ಸಹಾಯ ಎಲ್ಲಿ ಸಿಗುತ್ತೆ?*
ಯುರಿಡಿಶ್ ಲೊಕೆಟ್ ಎಂಬ ಸರ್ಕಾರಿ ನೆರವಿನ ಕಾನೂನು ಕೇಂದ್ರ ಉಚಿತವಾಗಿ ಮಾರ್ಗದರ್ಶನ ಕೊಡುತ್ತದೆ. ಸದಸ್ಯರಾದವರಿಗೆ ಎಫ್‌ಎನ್‌ವಿ ಕಾರ್ಮಿಕ ಸಂಘಟನೆ ಇದೆ. ಶೋಷಣೆಗೆ ಒಳಗಾದ ವಲಸೆ ಕಾರ್ಮಿಕರಿಗೆ ಆಮ್‌ಸ್ಟರ್‌ಡ್ಯಾಮ್‌ನ ಫೇರ್‌ವರ್ಕ್ ಸಂಸ್ಥೆ ನೆರವಾಗುತ್ತದೆ. ಭಾರತದ ರಾಯಭಾರ ಕಚೇರಿ ದಿ ಹೇಗ್ ನಗರದಲ್ಲಿದೆ.

ಒಂದು ಕವರಿನಲ್ಲಿ ಇಟ್ಟುಕೊಳ್ಳಬೇಕಾದ್ದು

1. ಅಪಘಾತದ ಜಾಗ, ಮಷಿನ್, ಗಾಯದ ಫೋಟೋ, ದಿನಾಂಕದೊಂದಿಗೆ.
2. ನೋಡಿದವರ ಹೆಸರು, ಫೋನ್ ನಂಬರ್.
3. ಮಾಲೀಕರಿಗೆ ಕಳಿಸಿದ ಮೊದಲ ಸಂದೇಶ.
4. ಒಪ್ಪಂದ, ಸಂಬಳದ ಚೀಟಿ, ಕವರೇಜ್ ಸರ್ಟಿಫಿಕೇಟ್ ಅಥವಾ ಎ1.
5. ಹೌಸ್‌ಆರ್ಟ್ಸ್ ಮತ್ತು ಆಸ್ಪತ್ರೆ ಫೈಲಿನ ಪ್ರತಿ.
6. ಕಂಪನಿ ಡಾಕ್ಟ್ರು ಕಳಿಸಿದ ಪ್ರತಿ ಪತ್ರ.
7. ಔಷಧಿ, ಪ್ರಯಾಣ, ದುಭಾಷಿ ಖರ್ಚಿನ ರಸೀದಿ.
8. ನಿಮ್ಮದೇ ಕೈಬರಹದ ನೋವಿನ ಡೈರಿ. ಕನ್ನಡದಲ್ಲೇ ಇರಲಿ, ಪರವಾಗಿಲ್ಲ.

ಈ ಕವರಿನ ಫೋಟೋಗಳನ್ನು ಮನೆಯ ಒಬ್ಬರ ಮೊಬೈಲ್‌ಗೂ ಕಳಿಸಿಡಿ. ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಿಮ್ಮ ಪರವಾಗಿ ಮಾತಾಡಲು ಅವರಿಗೆ ಬೇಕಾಗುತ್ತದೆ. ಇದು ಸಾಮಾನ್ಯ ಮಾಹಿತಿ. ಮೊತ್ತ, ಗಡುವು ಬದಲಾಗುತ್ತಿರುತ್ತವೆ, ನಿಮ್ಮ ಕೇಸಿಗೆ ಅಲ್ಲಿನ ಕಾನೂನು ಸಲಹೆಗಾರರನ್ನೇ ಕೇಳಿ. ನೆದರ್‌ಲ್ಯಾಂಡ್ಸ್‌ಗೆ ಹೊರಟಿರುವವರು ನಿಮ್ಮ ಪರಿಚಯದಲ್ಲಿದ್ದರೆ ಈ ಬರಹವನ್ನು ಅವರಿಗೂ ಮುಟ್ಟಿಸಿ.